ಹಲಗಿ ಕಾಸುವವಳು ಜೀಪು ಹತ್ತಿದ್ದು

ಹುಣಸಿದಿನ್ನಿಯ ಕೇರಿಯಲ್ಲಿ ಮಾನಮ್ಮನನ್ನು ಎಲ್ಲರೂ ಸಿಐಡಿ ಎನ್ನುತ್ತಿದ್ದರು. ಯಾರ ಮನೆಗೆ ಬೀಗರು ಬಂದರು, ಯಾಕೆ ಬಂದರು, ಬಂದವರು ಉಂಡು ಹೋದರೋ ಮುನಿಸಿಕೊಂಡು ಎದ್ದು ಹೋದರೋ, ಇದೆಲ್ಲ ತಿಳಿಯುವ ತನಕ ಅವಳಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಸಂತೆಚೀಲ ಹಿಡಿದು ಕೂತರೆ ಒಳಗೇನಿದೆ ಎಂದು ಕೇಳಿಯೇ ಬಿಡುವಳು. ಅವಳದು ಕೆಟ್ಟ ಮನಸ್ಸೇನಲ್ಲ. ಹುಟ್ಟಿನಿಂದ ಬಂದ ತುರಿಕೆ ಅಷ್ಟೇ, ಕೆರೆದುಕೊಳ್ಳದೆ ಇರಲಾಗುತ್ತಿರಲಿಲ್ಲ.

ಅಂಥವಳ ಮಗಳೇ ಕಾಣೆಯಾದಳು ನೋಡಿ.

ಅದು ಎಪ್ಪತ್ತೊಂಬತ್ತರ ಶ್ರಾವಣ. ದೇವದುರ್ಗದ ಕಡೆ ಹೊಲದಲ್ಲಿ ಕೂಲಿ ಇರಲಿಲ್ಲ, ಮಾನ್ವಿ ಕಡೆ ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿ ಹಚ್ಚಲು ಜನ ಬೇಕೆಂದು ಮೇಸ್ತ್ರಿ ಗದ್ದೆಪ್ಪ ಕೇರಿಯ ಹೆಣ್ಣುಮಕ್ಕಳನ್ನು ಲಾರಿಯಲ್ಲಿ ಕರೆದೊಯ್ದ. ಅವರ ಜೊತೆ ಮಾನಮ್ಮನ ಮಗಳು ಗೋಪಮ್ಮನೂ ಹೋದಳು. ಹದಿನಾರೋ ಹದಿನೇಳೋ ಇದ್ದೀತು, ಬರೆದಿಟ್ಟವರಾರು! ನಾಟಿ ಮುಗಿದು ಲಾರಿ ತಿರುಗಿ ಬಂತು. ಎಲ್ಲರೂ ಇಳಿದರು, ಗೋಪಮ್ಮ ಇಳಿಯಲಿಲ್ಲ.

"ಬ್ಯಾರೆ ಗುಂಪಿನ ಕೂಡ ಬರ್ತೀನಿ ಅಂದ್ಲವ್ವ," ಎಂದ ಗದ್ದೆಪ್ಪ.

"ಯಾವ ಗುಂಪು?"

"ಅದ್ಯಾವುದೋ. ನಂಗೇನ್ ಗೊತ್ತು?"

"ನಿನ್ನ ಲಾರಿ ಹತ್ತಿಸಿ ಕಳಿಸಿದಾಕಿ ನಾನು. ನಿಂಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರ್ತದ?"

ಗದ್ದೆಪ್ಪ ತನ್ನ ಚಪ್ಪಲಿ ನೋಡಿಕೊಂಡು ನಿಂತ. ಗುಂಪಿನ ಹೆಂಗಸರನ್ನು ಕೇಳಿದರೆ, ತಾವು ಬೇರೆ ಗದ್ದೆಯಲ್ಲಿದ್ದೆವು, ಲಾರಿ ಹತ್ತುವಾಗ ಕತ್ತಲಾಗಿತ್ತು ಎಂದರು. ಮಾನಮ್ಮ ವರ್ಷಗಟ್ಟಲೆ ಊರ ಮಂದಿಯನ್ನೆಲ್ಲ ಕೆದಕಿ ಕೆದಕಿ ಕೇಳಿದವಳು, ಈಗ ತನ್ನದೇ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಠಾಣೆಗೆ ನಡೆದಳು.

ಹುಣಸಿದಿನ್ನಿಯ ಠಾಣೆ ಎಂದರೆ ಎರಡು ಕೋಣೆ, ಅಂಗಳದಲ್ಲೊಂದು ಬೇವಿನ ಮರ. ಒಳಗೆ ಜಮಾದಾರ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಅವಳ ಮಾತು ಅರ್ಧವಾಗುವಷ್ಟರಲ್ಲಿ ಕೈ ಎತ್ತಿದ.

"ವಯಸ್ಸಿಗೆ ಬಂದ ಹುಡುಗಿ. ಯಾವನ ಜೋಡಿನೋ ಓಡಿ ಹೋಗಿರ್ತಾಳ. ಹೊಟ್ಟಿ ಹಸಿದ್ರ ತಾನ ಬರ್ತಾಳ. ನಡಿ ನಡಿ."

"ನಮ್ ಹುಡುಗಿ ಅಂಥಾಕಿ ಅಲ್ರೀ ಸಾಹೇಬ್ರ..."

"ಎಲ್ಲಾರೂ ಹಿಂಗ ಅಂತಾರ. ನಡಿ."

ಮಾನಮ್ಮ ನಡೆದಳು, ಆದರೆ ಬೇವಿನ ಮರದ ತನಕ ಮಾತ್ರ. ಅಲ್ಲೇ ಕೂತಳು. ಮರುದಿನವೂ ಬಂದು ಕೂತಳು, ಹದಿನೈದು ದಿನ ಹಾಗೇ ಬಂದು ಕೂತಳು. ಅವಳನ್ನು ಎಬ್ಬಿಸಿ ಎಬ್ಬಿಸಿ ಜಮಾದಾರನೂ ಬೇಸತ್ತು ಬಿಟ್ಟುಬಿಟ್ಟ. ಆ ಮರದ ಕೆಳಗೆ ಕೂತಿದ್ದಾಗಲೇ ಊರಗೌಡರ ಮಗ ಅಮರೇಶ ಕಾಣೆಯಾದ ಸುದ್ದಿ ಠಾಣೆಗೆ ಬಂತು. ಪಿಯುಸಿಯಲ್ಲಿ ಮತ್ತೆ ನಪಾಸಾಗಿದ್ದನಂತೆ, ಅಪ್ಪ ನಾಲ್ಕು ಮಂದಿಯ ಮುಂದೆ ಬೈದರಂತೆ, ಹುಡುಗ ಬೆಳಗಾಗುವಷ್ಟರಲ್ಲಿ ಮನೆಯಲ್ಲಿರಲಿಲ್ಲ.

ಅಬ್ಬಾ, ಆಗ ನೋಡಬೇಕಿತ್ತು ಠಾಣೆಯ ಸಂಭ್ರಮ! ಒಳಕೋಣೆಯ ಕುರ್ಚಿ ಮುಂದಿನ ಕೋಣೆಗೆ ಬಂತು, ಗೌಡರಿಗೆ ಚಹಾ ಬಂತು, ಜಮಾದಾರನ ಬಾಯಿಂದ ಎಲೆ ಹೊರಗೆ ಹೋಯಿತು. ಮಾನಮ್ಮ ಮೆಲ್ಲಗೆ ಸರಿದು ಕಿಟಕಿಯ ಕೆಳಗೆ ಕೂತಳು. ದುಃಖ ದುಃಖದ ಪಾಡಿಗೆ ಇತ್ತು, ಕಿವಿ ಮಾತ್ರ ನೆಟ್ಟಗಾಗಿತ್ತು.

"ಅಂಗಿ ಯಾವ ಬಣ್ಣದ್ದು ಹಾಕಿದ್ರು?" ಜಮಾದಾರ ಕೇಳುತ್ತಿದ್ದ. ಮಾನಮ್ಮ ಮನಸ್ಸಿನಲ್ಲೇ ಹೇಳಿಕೊಂಡಳು, ಕೆಂಪು ಲಂಗ, ಹಸಿರು ಕುಪ್ಪಸ. "ಮೈಮ್ಯಾಲ ಗುರುತೇನರ?" ಬಲ ಮೊಣಕಾಲ ಮೇಲೆ ಕುಡುಗೋಲಿನ ಗಾಯ. "ಊಟದಾಗ ಏನು ಸೇರ್ತದ್ರಿ?" ಇದನ್ನು ಯಾಕೆ ಕೇಳುತ್ತಾರೆ ಎಂದು ಮಾನಮ್ಮನಿಗೆ ಬಗೆಹರಿಯಲಿಲ್ಲ. ಹಸಿದವನು ತನಗೆ ಸೇರುವುದು ಸಿಗುವ ಕಡೆ ಹೋಗುತ್ತಾನೆಂದೇ? ಭಲೆ, ಇದೊಂದು ಯುಕ್ತಿಯೇ. "ಗೆಳೆಯರು ಯಾರ್ಯಾರು? ಮೈಯಾಗ ಆರಾಮಿದ್ರೇನ್ರಿ? ಯಾರ ಮ್ಯಾಲರ ಸಿಟ್ಟಿತ್ತೇನು?" ಒಂದಾದ ಮೇಲೊಂದು ಪ್ರಶ್ನೆ. ಒಬ್ಬ ಮನುಷ್ಯನನ್ನು ಹುಡುಕಬೇಕಾದರೆ ಇಷ್ಟೆಲ್ಲ ಕೇಳುತ್ತಾರೆಂದು ಅವಳಿಗೆ ಅಂದೇ ತಿಳಿದದ್ದು. ಸಿಐಡಿ ಎನಿಸಿಕೊಂಡ ತಾನೂ ಇಷ್ಟು ಕೇಳುತ್ತಿರಲಿಲ್ಲ.

ಇನ್ನೊಂದನ್ನೂ ಅವಳು ಗಮನಿಸಿದಳು. ಓಡಿಹೋಗಿರುತ್ತಾನೆ ಎಂಬ ಮಾತು ಜಮಾದಾರನ ಬಾಯಿಂದ ಒಮ್ಮೆಯೂ ಬರಲಿಲ್ಲ. ಗೌಡರ ಮಗನಿಗೂ ವಯಸ್ಸು ಬಂದಿತ್ತು, ಮೀಸೆ ಕೂಡ ಬಂದಿತ್ತು.

ಹುಡುಗ ಮಾನ್ವಿಯ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರು. ಮಾನ್ವಿಗೆ ಜೀಪು ಕಳಿಸುವುದು, ಪೇದೆ ಇಮಾಮಹುಸೇನ ಹೋಗುವುದು, ಊರೂರಲ್ಲಿ ಡಂಗುರ ಸಾರಿಸುವುದು ಎಂದು ನಿಶ್ಚಯವಾಯಿತು. ಜೀಪು ಗೌಡರದೇ. ಡಂಗುರಕ್ಕೆ ಮಾನ್ವಿಯವರು ಬೇಡ, ನಮ್ಮ ತಾಯಪ್ಪನೇ ಆಗಬೇಕು ಎಂದು ಗೌಡರು ಹಟ ಹಿಡಿದರು. ತಾಯಪ್ಪನ ಗಂಟಲೇ ಅಂಥದ್ದು, ಇಲ್ಲಿ ಕೂಗಿದರೆ ಹೊಳೆಯಾಚೆ ದನ ತಿರುಗಿ ನೋಡಬೇಕು. ಈ ತಾಯಪ್ಪ ಮಾನಮ್ಮನ ಮೈದುನ. ಅವಳ ಗಂಡ ತೀರಿಕೊಂಡ ಮೇಲೆ ಮನೆಯ ಕಷ್ಟಸುಖಕ್ಕೆ ಆಗುತ್ತಿದ್ದವನು ಅವನೊಬ್ಬನೇ.

"ತಾಯಪ್ಪಾ, ನಾನೂ ಬರ್ತೀನಿ," ಎಂದಳು ಮಾನಮ್ಮ.

"ಜೀಪು ನಮ್ಮಪ್ಪಂದೇನು? ಏನಂತ ಹೇಳಿ ಕುಂದರಸ್ಲಿ ಯಕ್ಕಾ?"

"ಹಲಗಿ ಕಾಸಾಕ ಅನ್ನು."

ಅದು ಸುಳ್ಳೂ ಅಲ್ಲ. ಶ್ರಾವಣದ ತಂಪಿಗೆ ಹಲಗಿಯ ಚರ್ಮ ಸಡಿಲಾಗುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಬಿಗಿಯಾಗುವ ತನಕ ಕಾಸಿಕೊಂಡರೆ ಮಾತ್ರ ದನಿ ಏಳುತ್ತದೆ. ಇಮಾಮಹುಸೇನ ಒಳ್ಳೆಯ ಮನುಷ್ಯ, ಅವಳನ್ನೊಮ್ಮೆ ನೋಡಿದ, ಅವಳ ಕೈಯಲ್ಲಿದ್ದ ಹುಲ್ಲಿನ ಸಿವುಡು ನೋಡಿದ, ಹಿಂದೆ ಕೂರು ಎಂದು ಸನ್ನೆ ಮಾಡಿದ.

ಮರುದಿನ ಮುಂಜಾನೆ ಮಾನ್ವಿಯ ಬಜಾರಿನಲ್ಲಿ ತಾಯಪ್ಪ ಕೂಗಿದ. ಗೌಡರ ಮಗನ ಹೆಸರು, ಅಂಗಿಯ ಬಣ್ಣ, ಕೈಗಡಿಯಾರ, ನಡೆಯುವ ಠೀವಿ, ಎಲ್ಲ ಕೂಗಿದ. ಜನ ಮುತ್ತಿಕೊಂಡರು. ಒಬ್ಬ ಸಿಂಧನೂರಿನಲ್ಲಿ ನೋಡಿದೆ ಎಂದ, ಇನ್ನೊಬ್ಬ ಸಿನಿಮಾ ಟಾಕೀಸಿನಲ್ಲಿ ಎಂದ, ಮತ್ತೊಬ್ಬನಂತೂ ಹುಡುಗನ ಜೊತೆ ಕೂತು ಮಂಡಕ್ಕಿ ತಿಂದೆ ಎಂದು ಆಣೆ ಇಟ್ಟ. ಗೌಡರ ಮಗನೆಂದರೆ ನೋಡದವರಿಗೂ ನೋಡಿದ ನೆನಪಾಗುತ್ತದೆ!

ಮಾನಮ್ಮ ಮೈದುನನ ಕಿವಿಯಲ್ಲಿ ಅಂದಳು, "ಕೊನೀಗೆ ನಮ್ ಗೋಪಿ ಹೆಸರೂ ಒಂದ್ಸಲ ಕೂಗಪ್ಪಾ."

ಅದು ಇಮಾಮಹುಸೇನನಿಗೂ ಕೇಳಿಸಿತು. "ಇದು ಗೌಡ್ರ ಹಲಗಿ ಮಾನಮ್ಮ. ಒಂದ ಹೆಸರಿಗೆ ಹುಕುಂ ಅದ. ನಾ ಏನ್ ಮಾಡ್ಲಿ ಹೇಳು," ಎಂದ. ಗದರಿಸಲಿಲ್ಲ. ಗದರಿಸಿದ್ದರೆ ಅವಳಿಗೆ ಜಗಳವಾಡಲಾದರೂ ಬರುತ್ತಿತ್ತು.

ಸರಿ, ಹೆಸರು ಕೂಗದಿದ್ದರೆ ಬೇಡ, ಬಾಯಿ ತನ್ನದೇ ಇದೆಯಲ್ಲ. ಅಕ್ಕಿ ಅಂಗಡಿಯ ಕಟ್ಟೆಯ ಬಳಿ ಹೋಗಿ ಕೇಳಿದಳು. ಕೆಂಪು ಲಂಗದ ಹುಡುಗಿ, ನಾಟಿಗೆ ಬಂದಾಕಿ, ನೋಡೀರೇನ್ರಿ? ಅಂಗಡಿಯವನು ನಕ್ಕ. "ನಾಟಿಗೆ ದಿನಾ ಲಾರಿ ತುಂಬ ಮಂದಿ ಬರ್ತಾರ. ಅವ್ರ ಮುಖ ಯಾರು ನೋಡ್ಕೋತ ಕುಂದರತಾರ ಬೇ?"

ಮಾತು ಕಟುವಾಗಿತ್ತು, ಆದರೆ ಮಾನಮ್ಮ ಅದನ್ನು ಬಾಯಲ್ಲಿಟ್ಟುಕೊಂಡ ಅಡಿಕೆಯಂತೆ ಹೊರಳಿಸುತ್ತಲೇ ಇದ್ದಳು. ಹೌದಲ್ಲ, ನಮ್ಮ ಮುಖ ಯಾರು ನೋಡುತ್ತಾರೆ? ಈ ಬಜಾರಿನವರಂತೂ ನೋಡುವುದಿಲ್ಲ. ಹಾಗಾದರೆ ನೋಡುವವರು ಯಾರು?

ಬಸ್ ನಿಲ್ದಾಣದ ಗೋಡೆಯ ಮರೆಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಅವಳು ಹಲಗಿ ಕಾಸುತ್ತಿದ್ದಾಗ ಪಕ್ಕದಲ್ಲಿ ಬಳೆ ಮಾರುವ ಅಕ್ಬರಿ ಬೇಗಂ ಬುಟ್ಟಿ ಸರಿಸಿಕೊಂಡು ಬಂದಳು. ಮೈ ಕಾಯಿಸಿಕೊಳ್ಳುವ ನೆಪ ಮಾಡಿ ಪಿಸುಗುಟ್ಟಿದಳು.

"ಆ ಹುಡುಗ ಎಲ್ಲಿ ಅದಾನ ಅಂಬೋದು ನಂಗ ಗೊತ್ತದ. ಪೊಲೀಸ್ರಿಗೆ ಹೇಳಿದ್ರ ಸಾಕ್ಷಿ ಅಂತ ಕೋರ್ಟಿಗೆ ಅಲೆದಾಡಸ್ತಾರ. ನಿನ್ ಮುಂದ ಹೇಳ್ತೀನಿ, ನನ್ ಹೆಸರು ಹೇಳಬ್ಯಾಡ."

ಯಾಪಲದಿನ್ನಿಯಲ್ಲಿ ಅಕ್ಬರಿಯ ತಂಗಿಯ ಮನೆ. ಅಲ್ಲಿಯ ರೈತರೊಬ್ಬರ ಮಗ ಅಮರೇಶನ ಕಾಲೇಜಿನ ಗೆಳೆಯ. ಇಬ್ಬರೂ ಹೊಲದ ಮನೆಯಲ್ಲಿ ಉಂಡು ಮಲಗಿ ಹಾಯಾಗಿದ್ದಾರಂತೆ. ಅಪ್ಪನ ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದಾನಂತೆ ಹುಡುಗ. ಅಕ್ಬರಿ ನಿನ್ನೆಯಷ್ಟೇ ಕಣ್ಣಾರೆ ನೋಡಿ ಬಂದಿದ್ದಳು.

ಮಾನಮ್ಮ ಎದ್ದು ನಿಂತಳು. ಇಮಾಮಹುಸೇನ ಅಲ್ಲೇ ಚಹಾ ಕುಡಿಯುತ್ತಿದ್ದ. ಕೂಗಿ ಹೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ಹೇಳಿದರೆ ಏನಾಗುತ್ತದೆ? ಜೀಪು ಯಾಪಲದಿನ್ನಿಗೆ ಓಡುತ್ತದೆ, ಹುಡುಗನನ್ನು ಕೂರಿಸಿಕೊಂಡು ಊರಿಗೆ ತಿರುಗುತ್ತದೆ. ಪೇದೆ, ಹಲಗಿ, ಹುಕುಂ, ಎಲ್ಲವೂ ತಿರುಗುತ್ತವೆ. ಗೋಪಿ ಇದ್ದಲ್ಲೇ ಇರುತ್ತಾಳೆ.

ಗೌಡರ ಮಗ ಸಿಗದೇ ಇರುವ ತನಕ ಮಾತ್ರ ಈ ಜೀಪು ಓಡುತ್ತದೆ. ಹುಡುಗನ ತಾಯಿ ಗೌಡಸಾನಿಯ ನೆನಪೂ ಬಂತು. ಅವರು ಅನ್ನ ಬಿಟ್ಟು ರಾಯಚೂರಿನ ಅಣ್ಣನ ಮನೆಯಲ್ಲಿ ಟೆಲಿಫೋನಿನ ಮುಂದೆ ಕೂತಿದ್ದಾರೆಂದು ಜೀಪಿನಲ್ಲಿ ಮಾತಾಡಿಕೊಂಡಿದ್ದರು. ಅವರೂ ಹೆತ್ತವರೇ. ಪಾಪ ಅನ್ನಿಸಿತು, ಬಹಳ ಪಾಪ ಅನ್ನಿಸಿತು. ಆದರೂ ಮಾನಮ್ಮ ಬಾಯಿ ಮುಚ್ಚಿಕೊಂಡಳು. ಆ ಹುಡುಗ ಉಂಡು ಮಲಗಿದ್ದಾನೆ, ತನ್ನ ಮಗಳು ಉಂಡಿದ್ದಾಳೋ ಇಲ್ಲವೋ ಯಾರಿಗೆ ಗೊತ್ತು?

"ಸಾಹೇಬ್ರ," ಎಂದಳು ಇಮಾಮಹುಸೇನನ ಬಳಿ ಬಂದು, "ಇಲ್ಲಿ ಕೇರ್ಯಾಗ ಯಾರೋ ಹೊರಗಿನವ್ರು ಬಂದು ಇದ್ರಂತ. ಒಮ್ಮೆ ನೋಡಾಮ್ರಿ."

"ಗೌಡ್ರ ಮಗ ಕೇರ್ಯಾಗ? ಹುಚ್ಚೇನ ನಿನಗ?"

"ಊರಾಗೆಲ್ಲಾ ಹುಡುಕಿದ್ರಿ. ಅಡಗಬೇಕಂದವ್ರು ಯಾರೂ ಹುಡುಕದ ಕಡಿ ಹೋಗ್ತಾರಲ್ರಿ?"

ಪೇದೆ ಚಹಾದ ಬಟ್ಟಲು ಇಟ್ಟು ಯೋಚಿಸಿದ. ಮಾತಿನಲ್ಲಿ ಹುರುಳಿತ್ತು. ಜೀಪು ಮಾನ್ವಿಯ ಕೇರಿಯ ಬಾಯಿಗೆ ಹೋಗಿ ನಿಂತಿತು.

ಅಲ್ಲಿ ತಾಯಪ್ಪ ಹಲಗಿ ಮುಟ್ಟಲು ಸುತಾರಾಂ ಒಪ್ಪಲಿಲ್ಲ. ಡಂಗುರ ಊರೊಳಗೆ ಸಾರುವಂಥದ್ದು, ಕೇರಿಯೊಳಗೆ ಯಾರೂ ಸಾರುವುದಿಲ್ಲ. ಸಾರುವವನೇ ಕೇರಿಯವನಲ್ಲವೆ, ಸುದ್ದಿ ಅವನ ಜೊತೆಗೇ ಮನೆಗೆ ಬಂದಿರುತ್ತದೆ. ಹಬ್ಬವಿಲ್ಲದ ದಿನ ಕೇರಿಯಲ್ಲಿ ಹಲಗಿ ಕೇಳಿತೆಂದರೆ ಯಾರೋ ಸತ್ತರೆಂದೇ ಲೆಕ್ಕ. "ಬದುಕಿದ ಮಗನ ಹೆಸರು ಹಿಡದು ಇಲ್ಲಿ ಬಡದ್ರ ನಾನ ಸಾಯಿಸಿದಂಗ. ಗೌಡ್ರು ನನ್ನ ಚರ್ಮ ಸುಲಿತಾರ," ಎಂದು ಹಲಗಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಖಾಕಿ ಕಂಡ ಹೆಂಗಸರು ಬಾಗಿಲು ಹಾಕಿಕೊಂಡಿದ್ದರು. ಇಮಾಮಹುಸೇನ ತಲೆ ಕೆರೆದುಕೊಂಡ.

"ನೀವು ಇಲ್ಲೇ ನಿಂದರ್ರಿ," ಎಂದಳು ಮಾನಮ್ಮ, "ನಾ ಕೇಳಿ ಬರ್ತೀನಿ."

ಆ ಕೇರಿಯಲ್ಲಿ ಅವಳಿಗೆ ಯಾರ ಗುರುತೂ ಇರಲಿಲ್ಲ. ಆದರೆ ಒಲೆಯ ಮುಂದೆ ಕೂತವರ ಜೊತೆ ಮಾತು ತೆಗೆಯುವುದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಮೊದಲ ಮನೆಯಲ್ಲಿ ನೀರು ಕೇಳಿದಳು, ಎರಡನೆಯ ಮನೆಯಲ್ಲಿ ಅವರ ಕೂಸಿನ ಹೆಸರು ಕೇಳಿದಳು, ಮೂರನೆಯ ಮನೆಯ ಮಾರೆಮ್ಮನ ಮುಂದೆ ಕೂತು ಠಾಣೆಯ ಕಿಟಕಿಯಲ್ಲಿ ಕಲಿತ ಪ್ರಶ್ನೆಗಳನ್ನೆಲ್ಲ ತೆಗೆದಳು. ಕೆಂಪು ಲಂಗ, ಮೊಣಕಾಲ ಗಾಯ, ಪುಂಡಿಪಲ್ಲೆ ಎಂದರೆ ಪ್ರಾಣ.

ಮಾರೆಮ್ಮ ಬೀಸುತ್ತಿದ್ದ ಕಲ್ಲು ನಿಲ್ಲಿಸಿದಳು. "ಮಲಗಿದಲ್ಲೇ ಪುಂಡಿಪಲ್ಲೆ ಬೇಕಂತ ಬಡಬಡಸ್ತಿತ್ತವ್ವ ಒಂದು ಹುಡುಗಿ. ಮೈ ಕಾದ ಹೆಂಚಾಗಿತ್ತು. ಬಸ್ ನಿಲ್ದಾಣದ ಗಿಡದ ಬುಡಕ ಬಿದ್ದಿತ್ತು. ಯಾವನೋ ಮೇಸ್ತ್ರಿ ಅಲ್ಲೇ ಮಲಗಿಸಿ, ಬಸ್ ಬಂದ್ರ ಹತ್ತು ಅಂತ ಹೇಳಿ ಹೋದನಂತ. ನಮ್ ಮಂದಿ ಎತಗೊಂಡು ಬಂದ್ವಿ. ಜ್ವರ ಇಳೀಲಿಲ್ಲ. ಕಡೀಗೆ ಅಕ್ಕಿ ಗಿರಣಿ ಲಾರ್ಯಾಗ ಮಲಗಿಸಿ ರಾಯಚೂರು ದವಾಖಾನಿಗೆ ಕಳಿಸಿದ್ವಿ. ಬದುಕ್ಯಾಳೋ ಇಲ್ಲೋ, ಗೊತ್ತಿಲ್ಲವ್ವ."

ಗದ್ದೆಪ್ಪ ಚಪ್ಪಲಿ ನೋಡಿಕೊಂಡಿದ್ದು ಯಾಕೆಂದು ಮಾನಮ್ಮನಿಗೆ ಈಗ ತಿಳಿಯಿತು. ಅವನನ್ನು ಸಿಕ್ಕಲ್ಲೇ ಸಿಗಿದು ಹಾಕುವಷ್ಟು ಸಿಟ್ಟು ಬಂತು. ಅಳುವೂ ಬಂತು. ಅಳುತ್ತ ಕೂತರೆ ಆಗದು. ಮಾರೆಮ್ಮನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಕೇರಿಯ ಬಾಯಿಗೆ ಓಡಿದಳು.

ಓಡುವಾಗಲೇ ಲೆಕ್ಕ ಹಾಕಿದಳು. ಮಾರೆಮ್ಮ ಹೇಳಿದ್ದನ್ನೆಲ್ಲ ಇದ್ದದ್ದು ಇದ್ದಂತೆ ಇಮಾಮಹುಸೇನನಿಗೆ ಒಪ್ಪಿಸಿದಳು. ಗಿಡದ ಬುಡ, ಜ್ವರ, ಲಾರಿ, ದವಾಖಾನೆ, ಒಂದನ್ನೂ ಬಿಡಲಿಲ್ಲ. ಹುಡುಗಿ ಅನ್ನುವಲ್ಲಿ ಹುಡುಗ ಅಂದಳು, ಅಷ್ಟೇ.

ಪೇದೆ ತಡಮಾಡಲಿಲ್ಲ. ಅಂಚೆ ಕಚೇರಿಗೆ ಓಡಿ ರಾಯಚೂರಿಗೆ ಟ್ರಂಕ್ ಕಾಲ್ ಹಚ್ಚಿದ. ಅವನು ಟೆಲಿಫೋನಿನಲ್ಲಿ, "ಅವ್ವಾರ, ದವಾಖಾನ್ಯಾಗ ಅದಾರಂತ, ಧೈರ್ಯ ಬಿಡಬ್ಯಾಡ್ರಿ" ಎನ್ನುವುದು ಕಿಟಕಿಯ ಹೊರಗಿದ್ದ ಮಾನಮ್ಮನಿಗೆ ಕೇಳಿಸಿತು. ಆ ಕಡೆಯಿಂದ ಒಂದು ಹೆಂಗಸಿನ ಚೀರು ಕೇಳಿಸಿದಂತಾಗಿ ಅವಳು ಕಿವಿ ಮುಚ್ಚಿಕೊಂಡಳು.

ಜೀಪು ರಾಯಚೂರಿನ ದಾರಿ ಹಿಡಿಯಿತು. ಎಮ್ಮೆ ಅಡ್ಡ ಬಂದರೆ ಹಾರ್ನು, ಎತ್ತಿನಗಾಡಿ ಅಡ್ಡ ಬಂದರೆ ಬೈಗುಳ. ಕೂಲಿಗೆ ಬಂದ ಹುಡುಗಿಯೊಬ್ಬಳ ಸಲುವಾಗಿ ಸರ್ಕಾರದ ಪೇದೆ ಇಷ್ಟು ಅವಸರ ಮಾಡುವುದನ್ನು ಮಾನಮ್ಮ ಹಿಂದೆ ಕೂತು ಬೆರಗಿನಿಂದ ನೋಡಿದಳು. ಪಾಪ, ಅವನಿಗೆ ಮಾತ್ರ ಅದು ಗೊತ್ತಿರಲಿಲ್ಲ. ತಾಯಪ್ಪ ಅವಳ ಮುಖವನ್ನೇ ನೋಡುತ್ತಿದ್ದ.

"ಯಕ್ಕಾ, ಏನ್ ನಡಸೀದಿ?"

"ಸುಮ್ಕಿರು. ಗೋಪಿ ಸಿಗ್ಲಿ, ಆಮ್ಯಾಲ ಎಲ್ಲಾರೂ ಕೂಡಿ ನನ್ನ ಕೊಂದ್ರೂ ಚಿಂತಿಲ್ಲ."

ದವಾಖಾನೆಯ ಮುಂದೆ ಗೌಡಸಾನಿ ಆಗಲೇ ಬಂದಿದ್ದರು. ತಲೆ ಕೆದರಿ, ಸೆರಗು ಜಾರಿ, ಸಿಕ್ಕವರನ್ನೆಲ್ಲ ನನ್ನ ಅಮರ್ಯಾ ಎಲ್ಲಿ ಎಂದು ಕೇಳುತ್ತಿದ್ದರು. ಇಮಾಮಹುಸೇನ ಅವರನ್ನು ಕರೆದುಕೊಂಡು ಗಂಡಸರ ವಾರ್ಡಿಗೆ ಓಡಿದ. ಮಾನಮ್ಮ ಹೆಂಗಸರ ವಾರ್ಡಿಗೆ ಓಡಿದಳು.

ಮೂಲೆಯ ಮಂಚದಲ್ಲಿ ಗೋಪಮ್ಮ ಇದ್ದಳು. ಇದ್ದಳು! ಕೆನ್ನೆ ಒಳಗೆ ಹೋಗಿತ್ತು, ತಲೆಯ ಕೂದಲು ಉದುರಿತ್ತು, ಎದೆ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು. ಕರುಳಿನ ಜ್ವರ, ಈಗ ಇಳಿಯುತ್ತಿದೆ, ಜೀವಕ್ಕೆ ಭಯವಿಲ್ಲ ಎಂದು ನರ್ಸಮ್ಮ ಹೇಳಿದಳು. ಮಾನಮ್ಮ ಮಗಳ ಕಾಲು ಹಿಡಿದು ನೆಲದ ಮೇಲೆ ಕುಸಿದು ಕೂತಳು. ಎದೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಲೇ ಒಡೆದು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹೊರಗಿನಿಂದ ಇನ್ನೊಬ್ಬರ ಅಳು ಕೇಳುತ್ತಿತ್ತು. ಗಂಡಸರ ವಾರ್ಡಿನಲ್ಲಿ ಅಂಥ ಹುಡುಗ ಇಲ್ಲವೆಂದಾಗಿತ್ತು. ಇಲ್ಲವೆಂದರೆ ದವಾಖಾನೆಯಲ್ಲಿ ಅದಕ್ಕೆ ಬೇರೊಂದು ಅರ್ಥವಿದೆ. ಗೌಡಸಾನಿ ಆ ಅರ್ಥ ಮಾಡಿಕೊಂಡು ಎದೆ ಬಡಿದುಕೊಳ್ಳುತ್ತಿದ್ದರು. ಮಾನಮ್ಮ ಇನ್ನು ಕೂರಲಾರದೆ ಎದ್ದು ಹೊರಗೆ ಬಂದಳು.

"ಯವ್ವಾ, ಅಳಬ್ಯಾಡ್ರಿ. ನಿಮ್ ಮಗ ಆರಾಮ ಅದಾನ. ಯಾಪಲದಿನ್ನ್ಯಾಗ ಗೆಳೆಯನ ಹೊಲದಾಗ ಅದಾನ. ಜ್ವರಾನೂ ಇಲ್ಲ ಏನೂ ಇಲ್ಲ."

ಗೌಡಸಾನಿಯ ಅಳು ನಿಂತಿತು. ಇಮಾಮಹುಸೇನ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನಿಂಗ ಯಾವಾಗ ಗೊತ್ತಾತು?"

"ಮುಂಜಾಲೆ, ಮಾನ್ವ್ಯಾಗ."

"ಮತ್ತ ಜ್ವರ ಬಂದ ಹುಡುಗ ಅಂದೆಲ್ಲ ಬೇ?"

"ಹುಡುಗಿ ರೀ. ನನ್ ಮಗಳು. ಒಳಗ ಮಲಗ್ಯಾಳ."

ಗೌಡಸಾನಿ ಎದ್ದು ಬಂದವರೇ ಮಾನಮ್ಮನ ಕೆನ್ನೆಗೆ ಬಿಗಿದರು. ತಾಯಪ್ಪ ಅಡ್ಡ ಬರಲು ಹೋದ, ಮಾನಮ್ಮ ಅವನನ್ನು ಸರಿಸಿದಳು.

"ನನ್ ಹೊಟ್ಯಾಗ ಬೆಂಕಿ ಸುರದೆಲ್ಲೇ! ನೀನೂ ಹಡದಾಕಿ ಅಲ್ಲೇನ?"

"ಹೌದ್ರಿ ಯವ್ವಾ, ಹಡದಾಕಿನ. ಅದಕ್ಕ ಸುರದೆ." ಮಾನಮ್ಮ ಮಗಳ ಮಂಚದ ಕಡೆ ಕೈ ತೋರಿಸಿದಳು. "ನಿಮ್ ಹೊಟ್ಟ್ಯಾಗಿನ ಬೆಂಕಿ ಎರಡ ದಿನ ಉರೀತು. ಅದಕ್ಕ ಜೀಪು ಬಂತು, ಪೊಲೀಸ್ರು ಬಂದ್ರು. ನನ್ನ ಹೊಟ್ಟಿ ಹದಿನೈದು ದಿನದಿಂದ ಉರೀತಿತ್ರಿ, ಕೇಳಾಕ ನಾಯಿ ಸೈತ ಬರ್ಲಿಲ್ಲ. ಆಕಿ ಹೆಸರು ಹಿಡದು ಹುಡುಕಿಸಾಕ ನಂಗ ದಾರಿ ಇದ್ದಿದ್ದಿಲ್ಲ. ನಿಮ್ ಮಗನ ಹೆಸರಿಲೇ ಹುಡುಕಿಸಿದೆ. ತಪ್ಪಾತು. ಇನ್ನೊಂದು ಹೊಡೀರಿ."

ಗೌಡಸಾನಿ ಮತ್ತೆ ಎತ್ತಿದ ಕೈ ಹಾಗೇ ನಿಂತಿತು. ಅವರು ತೆರೆದ ಬಾಗಿಲಿನಿಂದ ಒಳಗೆ ನೋಡಿದರು, ಮೂಲೆಯ ಮಂಚವನ್ನು ನೋಡಿದರು. ಏನು ಅನ್ನಿಸಿತೋ, ಕೈ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಗೌಡ್ರ ಮುಂದ ನಾ ಇದನ್ನ ಆಡಂಗಿಲ್ಲ," ಎಂದರು. "ಆದ್ರ ನೀ ನನ್ನ ಕಣ್ಣಿಗೆ ಬೀಳಬ್ಯಾಡ."

ಅಷ್ಟು ಹೇಳಿ ಜೀಪಿನ ಕಡೆ ನಡೆದರು. ಮಗನ ಕಡೆ ಓಡುವ ತಾಯಿ ಇನ್ನೆಷ್ಟು ಹೊತ್ತು ನಿಂತಾರು! ಇಮಾಮಹುಸೇನ ಅವರ ಹಿಂದೆ ಹೋದವನು ಅರ್ಧದಲ್ಲಿ ನಿಂತ. ಬೈಯುತ್ತಾನೆಂದು ಮಾನಮ್ಮ ತಲೆ ತಗ್ಗಿಸಿದಳು. ಅವನು ಬೈಯಲಿಲ್ಲ. ಹುಡುಗಿಯ ಹೆಸರೇನು ಎಂದು ಕೇಳಿದ, ಮೇಸ್ತ್ರಿಯ ಹೆಸರೇನು ಎಂದು ಕೇಳಿದ. ಕೇಳಿಕೊಂಡು ಏನು ಮಾಡುತ್ತಾನೆಂದು ಹೇಳದೆ ಜೀಪು ಹತ್ತಿದ.

ಜೀಪಿನ ಸದ್ದಿಗೆ ಗೋಪಮ್ಮ ಕಣ್ಣು ಬಿಟ್ಟಳು. ಅವ್ವನನ್ನು ಗುರುತು ಹಿಡಿಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಒಣಗಿದ ತುಟಿಯಲ್ಲಿ ನಕ್ಕಳು.

"ಯವ್ವಾ, ನಾ ಇಲ್ಲಿರೋದು ಹೆಂಗ ಗೊತ್ತಾತು?"

"ಜೀಪಿನಾಗ ಬಂದ್ವಿ. ಪೊಲೀಸ್ರ ಕೂಡ," ಎಂದು ತಾಯಪ್ಪನೇ ಅಂದುಬಿಟ್ಟ.

ಹುಡುಗಿಯ ಕಣ್ಣು ಇಷ್ಟಗಲವಾಯಿತು. ಜ್ವರ ತಿಂದ ಮುಖದಲ್ಲಿ ಒಂದು ಹೆಮ್ಮೆ ಮೂಡಿತು. "ಖರೇನ? ನನ್ನ ಹುಡುಕಾಕ ಜೀಪು ಬಂದಿತ್ತಾ?"

ಹೌದು ಅಂದಿದ್ದರೆ ಆಗುತ್ತಿತ್ತು. ಬೆಳಗಿನಿಂದ ಮಾನಮ್ಮ ಅದಕ್ಕಿಂತ ದೊಡ್ಡ ದೊಡ್ಡ ಸುಳ್ಳು ಹೇಳಿದ್ದಳು, ಇನ್ನೊಂದು ಭಾರವೇನೂ ಆಗುತ್ತಿರಲಿಲ್ಲ. ಆದರೆ ಮಗಳ ಆ ಮುಖ ನೋಡುತ್ತ ಅದು ಅವಳ ಬಾಯಿಗೆ ಬರಲಿಲ್ಲ.

"ಇಲ್ಲವ್ವ," ಎಂದಳು ಅವಳ ಹಣೆ ಸವರುತ್ತ, "ಜೀಪು ಗೌಡ್ರ ಮಗನ್ನ ಹುಡುಕಾಕ ಬಂದಿತ್ತು. ನಿನ್ನ ಹುಡುಕಾಕ ನಾ ಬಂದೆ."